ಡಬ್ಬಿ ಡಂಬೆಲ್ಲಿಗೆ ಹಾಕಿದ ಸೀಲು

"ಆರು ವಾರ. ಬರೀ ಆರೇ ವಾರ ಕೊಡು ನನಗೆ. ಏಳನೇ ವಾರ ನಾನು ಬೀದಿಗೆ ಇಳಿದರೆ ಲಾರಿಯವನೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಅಂಥ ತೋಳು ಮಾಡ್ತೀನಿ."

ಈ ಭೀಷ್ಮಪ್ರತಿಜ್ಞೆ ನಡೆದದ್ದು ಬಚ್ಚಲುಮನೆ ಬಾಗಿಲಲ್ಲಿ. ಪ್ರತಿಜ್ಞೆ ಮಾಡಿದವರ ಬಲಗೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಎಡಗೈಯಲ್ಲಿ ಜಾರಿ ಬೀಳಲಿದ್ದ ಪೈಜಾಮದ ಲಾಡಿ. ಎರಡರಲ್ಲಿ ಒಂದನ್ನೂ ಬಿಡುವ ಹಾಗಿರಲಿಲ್ಲ, ಆದ್ದರಿಂದ ತೋಳು ತೋರಿಸುವ ಕಾರ್ಯಕ್ರಮ ಮುಂದಕ್ಕೆ ಹೋಯಿತು.

ಇವರು ಪಾರ್ಸೆಲ್ ಆಫೀಸಿನ ಕೌಂಟರ್ ಗುಮಾಸ್ತರು. ಆಫೀಸಿನಲ್ಲೂ ಬೀದಿಯಲ್ಲೂ ಇವರಿಗೆ ತಕ್ಕಡಿ ಅಂತಲೇ ಹೆಸರು. ಯಾವ ಪೊಟ್ಟಣವೇ ಇರಲಿ, ಅಂಗೈ ಮೇಲೆ ಇಟ್ಟುಕೊಂಡು ಒಂದು ಸಲ ಮೇಲೆ ಕೆಳಗೆ ಆಡಿಸಿ "ಒಂದೂಮುಕ್ಕಾಲು" ಅಂದರೆ ಒಂದೂಮುಕ್ಕಾಲೇ. ಇಪ್ಪತ್ತಾರು ವರ್ಷದಿಂದ ಆಫೀಸಿನ ತೂಕದ ಯಂತ್ರ ಇವರು ಹೇಳಿದ್ದಕ್ಕೆ ಹೂಂಗುಟ್ಟುವ ಕೆಲಸ ಮಾತ್ರ ಮಾಡಿಕೊಂಡು ಬಂದಿತ್ತು.

ಪ್ರತಿಜ್ಞೆ ಕೇಳಿಸಿಕೊಂಡವಳು ಇವರ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲೇ ಪುಸ್ತಕಗಳಿಗೆ ಬೈಂಡು ಹಾಕುವುದು ಅವಳ ಕಸುಬು. ಬೀದಿಯ ಮಕ್ಕಳು ಅವಳಿಗೆ ಅಂಟಮ್ಮ ಅಂತ ಹೆಸರಿಟ್ಟಿದ್ದವು. ಆಂಟಿಯೂ ಆಯಿತು, ಅಮ್ಮನೂ ಆಯಿತು, ಬೆರಳಿಗೆ ಸದಾ ಮೆತ್ತಿಕೊಂಡಿರುವ ಅಂಟೂ ಆಯಿತು. ಒಂದೇ ಹೆಸರಲ್ಲಿ ಮೂರು ಕೆಲಸ.

ತೋಳಿನ ಮೇಲೆ ಈ ಹಠಾತ್ ಪ್ರೀತಿ ಹುಟ್ಟುವುದಕ್ಕೆ ಕಾರಣ ಒಂದು ಸುತ್ತೋಲೆ. ಐವತ್ತು ದಾಟಿದ ಕೌಂಟರಿನವರು ಆರು ವಾರದ ಮೇಲೆ ಡಾಕ್ಟರ ಎದುರಿಗೆ ಇಪ್ಪತ್ತು ಕಿಲೋ ಚೀಲವನ್ನು ನೆಲದಿಂದ ಮೇಜಿಗೆ ಹತ್ತು ಸಲ ಎತ್ತಿ ಇಡಬೇಕು. ಆಗದಿದ್ದವರು ನೆಲಮಾಳಿಗೆಯ ಹಳೇ ಕಡತದ ಕೋಣೆಗೆ. ಅಲ್ಲಿ ಮಾತಾಡಿಸಬೇಕೆಂದರೆ ಗೆದ್ದಲು ಹುಳುಗಳನ್ನೇ ಮಾತಾಡಿಸಬೇಕು! ತಕ್ಕಡಿಯವರಿಗೋ ದಿನಕ್ಕೆ ಇನ್ನೂರು ಜನದ ಜೊತೆ ಮಾತಾಡದಿದ್ದರೆ ಅನ್ನ ಇಳಿಯುವುದಿಲ್ಲ. ಕೌಂಟರು ಹೋದರೆ ಈ ಮನುಷ್ಯ ಅರ್ಧ ಆಗಿಬಿಡುತ್ತಾರೆ ಅಂತ ಅಂಟಮ್ಮನಿಗೆ ಗೊತ್ತಿತ್ತು. ಅದಕ್ಕೇ ಮನೆಯಲ್ಲೇ ಜಿಮ್ ಮಾಡುತ್ತೇನೆ ಅಂದಾಗ ಅವಳು ನಗಲಿಲ್ಲ, ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಜೊತೆಗೇ ಹೊರಟಳು.

ಅಂಗಡಿಯವನು ನಾಲ್ಕು ಥರದ ಡಂಬೆಲ್ ತೋರಿಸಿದ. ಎಲ್ಲವೂ ತೂಕ ಹೆಚ್ಚುಕಡಿಮೆ ಮಾಡಿಕೊಳ್ಳುವಂಥವು. ಮೊದಲನೆಯದಕ್ಕೆ ತುದಿಯಲ್ಲಿ ಒಂದು ಬಿರಡೆ. ಕರಕರ ಅಂತ ತಿರುಗಿಸಿ ಎತ್ತಿದರೆ ಬೇಕಾದಷ್ಟು ಬಿಲ್ಲೆ ಕಚ್ಚಿಕೊಂಡು ಮೇಲೆ ಬರುತ್ತದೆ, ಮಿಕ್ಕಿದ್ದು ತಟ್ಟೆಯಲ್ಲೇ ಉಳಿಯುತ್ತದೆ. ಅರ್ಧ ಊಟ ಬಿಟ್ಟು ಮುನಿಸಿಕೊಂಡು ಎದ್ದ ಅಳಿಯನ ಹಾಗೆ ಕಾಣಿಸುತ್ತೆ, ಬೇಡ ಅಂದರು ತಕ್ಕಡಿಯವರು. ಎರಡನೆಯದು ಹಕ್ಕಿ ಪಂಜರದಂಥದ್ದು, ಅದರೊಳಗೆ ಕೈ ತೂರಿಸಿ ಹಿಡಿಯಬೇಕು. ಇವರು ತೂರಿಸಿದರು. ಆಚೆ ತೆಗೆಯುವುದಕ್ಕೆ ಗಡಿಯಾರ ಬಿಚ್ಚಬೇಕಾಯಿತು. ಮೂರನೆಯದು ಉದ್ದ ಸರಳು, ಎರಡೂ ಕಡೆ ಬಿಲ್ಲೆ, ಅದಕ್ಕೆ ತಿರುಪು. ತಿರುಪು ಸಡಿಲವಾಗುವುದಿಲ್ಲ ತಾನೇ ಅಂತ ಕೇಳಿದ್ದಕ್ಕೆ ಅಂಗಡಿಯವನು ಪ್ರಾಮಾಣಿಕನಾಗಿ ಚಪ್ಪಲಿ ಕಳಚಿ ತನ್ನ ಹೆಬ್ಬೆರಳು ತೋರಿಸಿದ. ಉಗುರು ಇರಲಿಲ್ಲ.

ನಾಲ್ಕನೆಯದೇ ಡಬ್ಬಿ ಡಂಬೆಲ್. ಹಿಡಿಯ ಎರಡು ತುದಿಗೂ ಮುಚ್ಚಳವಿರುವ ಗುಂಡನೆಯ ಕಬ್ಬಿಣದ ಡಬ್ಬಿ. ಒಳಗೆ ಒಂದೊಂದು ಕಿಲೋದ ಬಿಲ್ಲೆ ಹಾಕಿ ಮುಚ್ಚಳ ತಿರುಗಿಸಿದರೆ ಆಯಿತು. ಬರಿಯ ಡಬ್ಬಿ ಎರಡು ಕಿಲೋ, ಎಂಟು ಬಿಲ್ಲೆ ತುಂಬಿದರೆ ಹತ್ತು. ಜೋಡಿ ಸೇರಿ ಇಪ್ಪತ್ತು, ಪರೀಕ್ಷೆಯ ಚೀಲದಷ್ಟೇ! ತಕ್ಕಡಿಯವರು ಕಣ್ಣು ಮುಚ್ಚಿ ಕೈ ಚಾಚಿದರು. ಅಂಗಡಿಯವನು ತನಗೆ ತೋಚಿದಷ್ಟು ಬಿಲ್ಲೆ ಹಾಕಿ ಕೊಟ್ಟ. "ಏಳು. ಆದರೆ ನೂರು ಗ್ರಾಂ ಕಮ್ಮಿ" ಅಂದರು. ಬಿಚ್ಚಿ ನೋಡಿದರೆ ಐದು ಬಿಲ್ಲೆ, ಅದರಲ್ಲಿ ಒಂದರ ಅಂಚು ಒಡೆದಿತ್ತು. ಅಂಗಡಿಯವನು ಕೈ ಮುಗಿದ. ಅಂಟಮ್ಮನಿಗೆ ಗಂಡನ ಮೇಲೆ ಹೆಮ್ಮೆ ಉಕ್ಕಿ ಬಂತು. ಅದರ ಜೊತೆಗೇ, ಸುಳ್ಳು ಯಾಕೆ ಹೇಳಬೇಕು, ಅವಳ ಕಣ್ಣು ಆ ಬಿಲ್ಲೆಗಳ ಮೇಲೂ ಬಿತ್ತು. ಅಂಗೈಯಗಲ, ಚಪ್ಪಟೆ, ನುಣ್ಣಗೆ. ಹೀಗೆ ಡಂಬೆಲ್ ಆರಿಸಿದ್ದು ಗಂಡ, ಬಿಲ್ಲೆ ಆರಿಸಿದ್ದು ಹೆಂಡತಿ.

ಮನೆಗೆ ತಂದ ತಕ್ಷಣ ತಕ್ಕಡಿಯವರು ಎಲ್ಲ ಬಿಲ್ಲೆ ತುಂಬಿ, ಮುಚ್ಚಳ ಬಿಗಿದು, ಮುಚ್ಚಳ ಮತ್ತು ಡಬ್ಬಿ ಕೂಡುವ ಜಾಗದ ಮೇಲೆ ಒಂದೊಂದು ಕಾಗದದ ಚೀಟಿ ಅಂಟಿಸಿದರು. ಚೀಟಿಯ ಮೇಲೆ "೧೦ ಕಿಲೋ. ಪರೀಕ್ಷಿಸಿದೆ" ಅಂತ ಬರೆದು ಸಹಿ ಹಾಕಿದರು. ಪಾರ್ಸೆಲ್ ಆಫೀಸಿನ ಪದ್ಧತಿ. ದಿನಾ ಬಿಚ್ಚಿ ತೂಕ ಇಳಿಸಿಕೊಳ್ಳುವುದು ಹೇಡಿಗಳ ಕೆಲಸ, ಸೀಲು ಬಿತ್ತು ಅಂದರೆ ಮುಗಿಯಿತು ಅಂದರು. ತೂಕ ಬದಲಿಸಲು ಬರುವ ಡಂಬೆಲ್ಲನ್ನೇ ಹುಡುಕಿ ತಂದು, ಬದಲಿಸಲು ಬಾರದ ಹಾಗೆ ಸೀಲು ಹಾಕಿದ ಮೊದಲ ಪುರುಷೋತ್ತಮ ಇವರೇ ಇರಬೇಕು.

ಮೊದಲ ವಾರ ಮೂರು ಸಲ ಎತ್ತುವಷ್ಟರಲ್ಲಿ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ನಾಲ್ಕನೆಯದಕ್ಕೆ ಕೈ ಅರ್ಧ ದಾರಿಯಲ್ಲೇ ನಿಂತು ಮುಷ್ಕರ ಹೂಡುತ್ತಿತ್ತು. ಡಂಬೆಲ್ ಅಂತ ಹೆಸರಿಟ್ಟವನಿಗೆ ಕನ್ನಡ ಬರುತ್ತಿತ್ತೋ ಏನೋ, ಡಂಭವೆಲ್ಲ ಇಳಿದು ಬೆಲ್ಲು ಬಾರಿಸಿದ ಹಾಗಾಯಿತು. ಆಮೇಲೆ ಇವರು ಮಾತಿಲ್ಲದೆ ತಿಂಡಿ ತಿಂದು ಆಫೀಸಿಗೆ ಹೋಗುತ್ತಿದ್ದರು. ಇವರು ಮಾತಿಲ್ಲದೆ ತಿನ್ನುವುದನ್ನು ಅಂಟಮ್ಮ ಮದುವೆಯಾದಾಗಿನಿಂದ ನೋಡಿರಲಿಲ್ಲ.

ಎರಡನೇ ವಾರ ಗ್ರಂಥಾಲಯದವರು ಅರವತ್ತು ಕಿರುನಿಘಂಟುಗಳನ್ನು ತಂದು ಅವಳ ಮೇಜಿನ ಮೇಲೆ ಸುರಿದರು. ಎಲ್ಲದರ ಬೆನ್ನೂ ಕಿತ್ತುಹೋಗಿತ್ತು. ಅಂಟು ಹಚ್ಚಿದ ಪುಸ್ತಕದ ಮೇಲೆ ಒಂದು ಹಗಲು ಒಂದು ರಾತ್ರಿ ಭಾರ ಕೂರಬೇಕು, ಇಲ್ಲದಿದ್ದರೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒತ್ತುವ ಪ್ರೆಸ್ಸಿನ ತಿರುಪು ಸವೆದು ಕೂತಿತ್ತು. ಇಟ್ಟಿಗೆ ಇಟ್ಟರೆ ಆ ಪುಟಾಣಿ ಪುಸ್ತಕದ ಮೇಲಿಂದ ಜಾರಿ ಬೀಳುತ್ತಿತ್ತು. ಅಂಟಮ್ಮ ಒಂದು ಸಲ ಮೂಲೆಯಲ್ಲಿದ್ದ ಡಂಬೆಲ್ ಕಡೆ ನೋಡಿದಳು. ಇನ್ನೊಂದು ಸಲ ನೋಡಿದಳು. ಮೂರನೇ ಸಲ ನೋಡುವಾಗ ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

ಅಂಟಿಸಿದ ಚೀಟಿಯನ್ನು ಹರಿಯದೆ ಎಬ್ಬಿಸುವುದು, ಮತ್ತೆ ಅಲ್ಲೇ ಕೂರಿಸುವುದು ಅವಳಿಗೆ ಎಡಗೈ ಕೆಲಸ. ನೂರು ವರ್ಷದ ಪುಸ್ತಕದ ಹೆಸರಿನ ಚೀಟಿಯನ್ನೂ ಹೂವಿನ ಎಸಳು ಬಿಡಿಸಿದ ಹಾಗೆ ಬಿಡಿಸುವವಳು. ನಾಲ್ಕು ಡಬ್ಬಿಯಿಂದ ಒಂದೊಂದರಂತೆ ನಾಲ್ಕು ಬಿಲ್ಲೆ ತೆಗೆದಳು. ಮಿಕ್ಕವು ಒಳಗೆ ಗಡಗಡ ಅನ್ನಬಾರದಲ್ಲ, ಅದಕ್ಕೆ ಅದೇ ಅಳತೆಯ ರಟ್ಟು ಕತ್ತರಿಸಿ ತುರುಕಿದಳು. ಚೀಟಿ ಅಂಟಿಸಿದಳು. ಕೂಡಿದ ಜಾಗ ಅವಳಿಗೇ ಕಾಣಿಸಲಿಲ್ಲ. ನಾಳೆ ಪುಸ್ತಕ ಒಣಗಿದ ಮೇಲೆ ವಾಪಸ್ ಹಾಕಿದರಾಯಿತು, ಮಹಾ ಏನು!

ಮರುದಿನ ಬೆಳಿಗ್ಗೆ ಒಳಗಿನಿಂದ ಎಣಿಕೆ ಕೇಳಿಸಿತು. ಮೂರು. ನಾಲ್ಕು. ಐದು. ಆರು!

"ಏಯ್, ಬಾ ಇಲ್ಲಿ" ಅಂತ ಕೂಗು ಬಂತು.

ಸಿಕ್ಕಿಬಿದ್ದೆ ಅಂದುಕೊಂಡು ಅಂಟಮ್ಮ ಹೋಗಿ ನಿಂತಳು. ತಕ್ಕಡಿಯವರು ಡಂಬೆಲ್ಲನ್ನು ಅಂಗೈ ಮೇಲೆ ಆಡಿಸುತ್ತಿದ್ದರು.

"ಕೈಗೆ ಇದು ಎಂಟು ಅನ್ನಿಸ್ತಿದೆ" ಅಂದರು.

ಸರಿಯಾಗಿ ಎಂಟೇ ಇತ್ತು.

"ನೋಡು, ನನ್ನ ಕೈ ಸುಳ್ಳು ಹೇಳಲ್ಲ. ಸೀಲೂ ಸುಳ್ಳು ಹೇಳಲ್ಲ, ಹಾಗೇ ಇದೆ. ಅಂದಮೇಲೆ ಬದಲಾಗಿರೋದು ಯಾರು? ನಾನು. ಹತ್ತು ಕಿಲೋ ನನಗೆ ಎಂಟಾಗಿದೆ. ಶಕ್ತಿ ಬಂತು ಕಣೇ."

ಎಂಥ ತರ್ಕ! ಯಾವ ವಕೀಲನೂ ಇದರಲ್ಲಿ ತೂತು ಹುಡುಕಲಾರ. ಅಂಟಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಸಿಳ್ಳೆ ಹಾಕುತ್ತಾ ಸ್ನಾನಕ್ಕೆ ಹೋದರು, ತಿಂಡಿಯ ಹೊತ್ತಿಗೆ ಆಫೀಸಿನ ಮೂರು ಜಗಳ ವರ್ಣಿಸಿ ಹೇಳಿದರು. ಮನೆಗೆ ಮಾತು ವಾಪಸ್ ಬಂದಿತ್ತು. ಅವಳು ತೆರೆದ ಬಾಯಿಗೆ ಒಂದು ತುತ್ತು ಹಾಕಿಕೊಂಡು ಮುಚ್ಚಿದಳು.

ಆಮೇಲೆ ಕೇಳಬೇಕೇ? ನಿಘಂಟುಗಳ ಸಾಲು ಬೆಳೆಯಿತು, ಬಿಲ್ಲೆಗಳು ಡಬ್ಬಿ ಬಿಟ್ಟು ಒಂದೊಂದಾಗಿ ಪುಸ್ತಕದ ಮೇಲೆ ಬಂದು ಕೂತವು. ಡಂಬೆಲ್ ಆರಾಯಿತು, ನಾಲ್ಕಾಯಿತು. ತಕ್ಕಡಿಯವರು ಇಪ್ಪತ್ತು ಸಲ ಎತ್ತಿದರು, ಮೂವತ್ತು ಸಲ ಎತ್ತಿದರು, ಒಂದು ದಿನ ಪೇಪರು ಓದುತ್ತಾ ಒಂದೇ ಕೈಯಲ್ಲಿ ಎತ್ತಿದರು. ಷರ್ಟಿನ ತೋಳು ಬಿಗಿಯಾಗ್ತಿದೆ ಅಂತ ಹೊಲಿಗೆ ಬಿಚ್ಚಿಸಿಕೊಂಡರು. ಬಿಚ್ಚಿದ ತೋಳು ದಿಂಬಿನ ಕವರಿನ ಹಾಗೆ ಜೋಲಾಡುತ್ತಿತ್ತು. ಅಂಟಮ್ಮ ಚೆನ್ನಾಗಿದೆ ಅಂದಳು.

ಅನಾಹುತ ಬಂದದ್ದು ಅವಳು ಊಹಿಸಿಯೇ ಇರದ ಕಡೆಯಿಂದ. ತನ್ನ ಕೈಗೆ ನಾಲ್ಕು ಅನ್ನಿಸುವುದು ನಿಜವಾಗಿ ಹತ್ತು, ಅಂದರೆ ಎಲ್ಲವೂ ತನಗೆ ಹಗುರವಾಗಿ ತೋರುತ್ತಿದೆ, ಅದಕ್ಕೆ ತಕ್ಕ ಹಾಗೆ ಎರಡೂವರೆ ಪಟ್ಟು ಹೆಚ್ಚಿಸಿ ಹೇಳಬೇಕು ಅಂತ ತಕ್ಕಡಿಯವರು ಲೆಕ್ಕ ಹಾಕಿದ್ದರು. ಆ ಲೆಕ್ಕ ಕೌಂಟರಿಗೂ ಹೋಯಿತು. ಒಬ್ಬ ಅಜ್ಜಿ ಮೊಮ್ಮಗುವಿಗೆ ಕಳಿಸಲು ತಂದ ಸ್ವೆಟರಿನ ಪೊಟ್ಟಣ ಎರಡು ಕಿಲೋ ಇತ್ತು. ಇವರು ಐದು ಅಂದರು. ಯಂತ್ರ ಎರಡು ಅಂತು. ಯಂತ್ರ ಕೆಟ್ಟಿದೆ ಅಂದರು. ಮಾರನೇ ದಿನ ನಾಲ್ಕು ಕಿಲೋದ ಪುಸ್ತಕದ ಕಟ್ಟನ್ನು ಹತ್ತು ಅಂದರು. ಯಂತ್ರದ ಮೇಲೆ ಎರಡು ಪುಟದ ದೂರು ಬರೆದರು. ರಿಪೇರಿಯವನು ಬಂದು, ತಾನು ತಂದ ತೂಕದ ಕಲ್ಲುಗಳನ್ನಿಟ್ಟು ಪರೀಕ್ಷಿಸಿ, ಯಂತ್ರ ಸರಿಯಾಗಿದೆ ಅಂತ ಬರೆದುಕೊಟ್ಟ. ಅವನ ಕಲ್ಲುಗಳೇ ಸವೆದಿವೆ ಅಂದರು ಇವರು. ಸಾಲಿನಲ್ಲಿ ನಿಂತವರು ಮುಸಿಮುಸಿ ನಕ್ಕರು. ಆಫೀಸಿನ ಮ್ಯಾನೇಜರಮ್ಮ ಇವರನ್ನು ಒಳಗೆ ಕರೆದು ಒಂದು ಲೋಟ ನೀರು ಕುಡಿಸಿ ಕಳಿಸಿದರಂತೆ.

ಇದನ್ನು ಇವರು ಮನೆಯಲ್ಲಿ ಸಿಟ್ಟಿನಿಂದ ಹೇಳಲಿಲ್ಲ, ಅಂಗೈ ನೋಡಿಕೊಳ್ಳುತ್ತಾ ಹೇಳಿದರು. ಅಯ್ಯೋ, ನಾಲ್ಕು ರಟ್ಟಿನ ತುಂಡು ತುರುಕಿ ಇಪ್ಪತ್ತಾರು ವರ್ಷದ ಕೈಯನ್ನೇ ಹಾಳು ಮಾಡಿದೆನಲ್ಲ ಅಂತ ಅಂಟಮ್ಮ ನಿಜವಾಗಿಯೂ ನೊಂದುಕೊಂಡಳು.

ಪುಣ್ಯಕ್ಕೆ ನಿಘಂಟುಗಳು ಮುಗಿದಿದ್ದವು. ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಒಂದೇ ಸಲ ಎಲ್ಲ ಬಿಲ್ಲೆ ಹಾಕಿದರೆ ಭುಜ ಕಿತ್ತು ಬರುತ್ತದೆ ಅಂತ ಎಷ್ಟೆಷ್ಟೋ ಯೋಚಿಸಿ, ಮೂರು ದಿನಕ್ಕೊಮ್ಮೆ ನಾಲ್ಕು ಬಿಲ್ಲೆಯಂತೆ ವಾಪಸ್ ಹಾಕುತ್ತಾ ಬಂದಳು. ಬುದ್ಧಿವಂತಿಕೆ ಅಂದರೆ ಇದು ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ತಕ್ಕಡಿಯವರ ಪಾಲಿಗೆ ಅದು ಏನಾಯಿತು ನೋಡಿ. ಹೂವಿನಂತಿದ್ದ ಡಂಬೆಲ್ ದಿನೇ ದಿನೇ ಭಾರ. ಕೈ ಸುಳ್ಳು ಹೇಳಲ್ಲ, ಸೀಲು ಸುಳ್ಳು ಹೇಳಲ್ಲ. ಅಂದಮೇಲೆ ತಾನು ಕರಗುತ್ತಿದ್ದೇನೆ! ಯಾವುದೋ ದೊಡ್ಡ ಕಾಯಿಲೆ ಒಳಗೆ ಸೇರಿಕೊಂಡಿದೆ! ಹಟಕ್ಕೆ ಬಿದ್ದು ಹಲ್ಲು ಕಚ್ಚಿ ಎತ್ತುತ್ತಲೇ ಇದ್ದರು, ಎತ್ತಿದ ಮೇಲೆ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದರು. ಫೋನಿನಲ್ಲಿ ಅವರ ಅಕ್ಕ ಎಲ್ಲ ಕೇಳಿ, ನರ ಒಣಗಿದೆ, ಹಾಸಿಗೆ ಬಿಟ್ಟು ಏಳಬೇಡ ಅಂತ ತೀರ್ಪು ಕೊಟ್ಟರು. ಪರೀಕ್ಷೆಯ ಹಿಂದಿನ ದಿನ ಇವರು ಕೂತು ಒಂದು ಅರ್ಜಿ ಬರೆದರು. ಪರೀಕ್ಷೆ ಬೇಡ, ದಯವಿಟ್ಟು ಕಡತದ ಕೋಣೆಗೇ ಹಾಕಿಬಿಡಿ ಅಂತ.

ಆ ಅರ್ಜಿ ಓದಿದ ಮೇಲೆ ಅಂಟಮ್ಮನಿಗೆ ತಡೆಯಲಾಗಲಿಲ್ಲ.

"ರೀ, ನಿಮಗೇನೂ ಆಗಿಲ್ಲ. ಬಿಲ್ಲೆ ತೆಗೆದದ್ದು ನಾನು, ಹಾಕಿದ್ದೂ ನಾನು. ನಿಘಂಟಿನ ಮೇಲೆ ಭಾರಕ್ಕೆ ಬೇಕಿತ್ತು."

"ಸಮಾಧಾನಕ್ಕೆ ಏನೇನೋ ಹೇಳಬೇಡ. ಸೀಲು ಹಾಗೇ ಇದೆ, ನಾನು ದಿನಾ ನೋಡಿದ್ದೀನಿ."

ಅವಳು ಒದ್ದೆ ಬಟ್ಟೆ ತಂದಳು, ಚೀಟಿ ಎಬ್ಬಿಸಿದಳು, ಮುಚ್ಚಳ ತೆಗೆದು ತೋರಿಸಿದಳು, ಮುಚ್ಚಿದಳು, ಚೀಟಿಯನ್ನು ಮತ್ತೆ ಕೂರಿಸಿದಳು. ತಕ್ಕಡಿಯವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದು ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸಹಿಯ ಒಂದು ಗೆರೆ ಕೂಡ ಅಲುಗಿರಲಿಲ್ಲ.

"ಇಪ್ಪತ್ತಾರು ವರ್ಷ" ಅಂದರು ಮೆಲ್ಲಗೆ. "ಎಷ್ಟು ಸೀಲು ನೋಡಿ ಸರಿಯಾಗಿದೆ ಅಂತ ಬರೆದಿದ್ದೀನಿ ಗೊತ್ತಾ?"

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ, ಎದ್ದು ಹೋಗಿ ಡಂಬೆಲ್ ಎರಡನ್ನೂ ಹಿಡಿದರು. ಈಗ ಒಳಗೆ ಬಿಲ್ಲೆ ಪೂರ್ತಿ ಇತ್ತು. ಎಂಟನೇ ಸಲಕ್ಕೆ ಮುಖ ಕೆಂಪಾಯಿತು, ಒಂಬತ್ತಕ್ಕೆ ಮೊಣಕಾಲು ನಡುಗಿತು, ಹತ್ತು ಆಯಿತು. ಕಾಯಿಲೆ ಅಂದುಕೊಂಡು ಹಲ್ಲು ಕಚ್ಚಿ ಎತ್ತಿದ ದಿನಗಳಲ್ಲೇ ತೋಳಿಗೆ ನಿಜವಾದ ಕಸುವು ಬಂದಿತ್ತು. ಅರ್ಜಿಯನ್ನು ಹರಿದು ಅಂಟಮ್ಮನ ಕಸದ ಬುಟ್ಟಿಗೆ ಹಾಕಿದರು.

ಮರುದಿನ ಡಾಕ್ಟರ ಎದುರಿಗೆ ಚೀಲವನ್ನು ಹತ್ತು ಸಲ ಎತ್ತಿ ಇಟ್ಟರಂತೆ. ಅಷ್ಟಕ್ಕೇ ಹೊರಟಿದ್ದರೆ ಚೆನ್ನಾಗಿತ್ತು. ಡಾಕ್ಟರು ತಮಾಷೆಗೆ, ನಿಮ್ಮ ಕೈಯೇ ತಕ್ಕಡಿ ಅಂತಾರಲ್ಲ, ಈ ಚೀಲ ಎಷ್ಟಿದೆ ಹೇಳಿ ಅಂದರು. ಸುತ್ತೋಲೆಯಲ್ಲೂ ಇಪ್ಪತ್ತೇ, ಕೈಗೂ ಇಪ್ಪತ್ತೇ ಅನ್ನಿಸಿತು. ಆದರೆ ತಿಂಗಳ ಅಭ್ಯಾಸ ಬಿಡಬೇಕಲ್ಲ, ಗುಣಿಸಿ ಐವತ್ತು ಅಂದುಬಿಟ್ಟರು. ತಕ್ಷಣ ನಿನ್ನೆಯ ವಿಷಯ ನೆನಪಾಗಿ, ಗುಣಿಸಬಾರದಿತ್ತು ಅಂತ ಗಾಬರಿಯಾಗಿ, ಅದೇ ಇಪ್ಪತ್ತನ್ನು ಭಾಗಿಸಿ ಎಂಟು ಅಂದರು. ಡಾಕ್ಟರು ನಗಲಿಲ್ಲ. ಬಹಳ ಹೊತ್ತು ಏನೋ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಜೋಡಣೆಯ ಮೇಲೆ ಮೊಹರು ಒತ್ತಿ, ನಾಳೆ ಮ್ಯಾನೇಜರ್ ಕೈಗೇ ಕೊಡಿ ಅಂದರು.

ಸಂಜೆ ಆ ಲಕೋಟೆ ಅಂಟಮ್ಮನ ಮೇಜಿನ ಮೇಲೆ ಬಂದು ಕೂತಿತು. ತಕ್ಕಡಿಯವರು ನೀರು ಕುಡಿದು ಬಂದರು. ಕಿಟಕಿಯ ಹೊರಗೆ ನೋಡಿದರು.

"ಅಂಟು ಸರಿಯಾಗಿ ಹಿಡಿದಿದೆಯಾ ಅಂತ ಸುಮ್ಮನೆ ನೋಡ್ತೀಯಾ?"

"ಹಿಡಿದಿದೆ" ಅಂದಳು ಅಂಟಮ್ಮ.

"ಎಬ್ಬಿಸಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ" ಅಂದರು, ಇಪ್ಪತ್ತಾರು ವರ್ಷ ಒಂದು ಸೀಲನ್ನೂ ಮುಟ್ಟದ ಮಹಾನುಭಾವರು.

ಒದ್ದೆ ಬಟ್ಟೆ ಬಂತು. ಒಳಗಿನ ಕಾಗದದಲ್ಲಿ ಹೀಗಿತ್ತು: "ಇಪ್ಪತ್ತು ಕಿಲೋ ಹತ್ತು ಸಲ ಎತ್ತಿದರು. ಉಸಿರು ಸರಿಯಾಗಿದೆ, ಕೌಂಟರಿಗೆ ಯೋಗ್ಯರು. ಆದರೆ ಚೀಲದ ತೂಕ ಕೇಳಿದಾಗ ಮೊದಲು ಐವತ್ತು, ಕೂಡಲೇ ಎಂಟು ಎಂದರು. ಆದ್ದರಿಂದ ಎತ್ತಲು ಬಿಡಿ, ತೂಗಲು ಬಿಡಬೇಡಿ."

ಇಬ್ಬರೂ ಎರಡು ಸಲ ಓದಿದರು. ಕೊನೇ ಸಾಲಿನ ಮೇಲೆ ಒಂದು ಹನಿ ನೀರು ಬಿದ್ದು ಶಾಯಿ ಹರಡುವುದು ಪ್ರಪಂಚದಲ್ಲಿ ಸಹಜ ಅಲ್ಲವೇ ಅಂತ ತಕ್ಕಡಿಯವರು ಸೂಚಿಸಿದರು. ತನ್ನ ಮೇಜಿನ ಮೇಲೆ ಅಂಥದ್ದು ನಡೆಯುವುದಿಲ್ಲ ಅಂದಳು ಅಂಟಮ್ಮ. ಕಾಗದ ಮಡಿಸಿ ಒಳಗಿಟ್ಟು, ಕೂದಲೆಳೆಯಷ್ಟೂ ಅಲುಗದ ಹಾಗೆ ಮೊಹರಿಗೆ ಮೊಹರು ಕೂಡಿಸಿ ಅಂಟಿಸಿದಳು. "ಯಾವ ಪತ್ತೇದಾರನ ಕೈಗೆ ಬೇಕಾದರೂ ಕೊಡಿ. ಇದನ್ನ ಬಿಚ್ಚಿದ್ದಾರೆ ಅಂತ ಹೇಳಲಿ, ಅವತ್ತಿಗೆ ಈ ಕಸುಬು ಬಿಡ್ತೀನಿ" ಅಂದಳು.

ಮರುದಿನ ಅವಳ ಕೈ ಕೆಲಸಕ್ಕೆ ಓಡಲಿಲ್ಲ. ಸಂಜೆ ಗೇಟಿನ ಸದ್ದಾಗುವ ಮೊದಲೇ ಬಾಗಿಲಲ್ಲಿದ್ದಳು.

"ಕೌಂಟರು ಉಳೀತು" ಅಂದರು ತಕ್ಕಡಿಯವರು, ಚಪ್ಪಲಿ ಬಿಡುತ್ತಾ. "ನಾನು ಎತ್ತೋದು, ಯಂತ್ರ ತೂಗೋದು. ಕೈ ಮೊದಲಿನಂತೆ ಆಗೋವರೆಗೂ ಬಾಯಿ ಮುಚ್ಚಿಕೊಂಡಿರಿ ಅಂದರು ಮೇಡಂ."

ಅಂಟಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ, ಮನುಷ್ಯಳಲ್ಲವೇ, ಕೇಳಿಯೇಬಿಟ್ಟಳು. ಲಕೋಟೆ ನೋಡಿ ಮೇಡಂ ಏನಾದರೂ ಅಂದರಾ?

ತಕ್ಕಡಿಯವರು ತಲೆ ಕೆರೆದುಕೊಂಡರು. ಮೇಡಂ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ, ಜೋಡಣೆಯಲ್ಲಿ ಏನೂ ಕಾಣಲಿಲ್ಲವಂತೆ. ಆಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದರಂತೆ.

"ನಮ್ಮ ಆಫೀಸಿನ ರಿಜಿಸ್ಟರೆಲ್ಲ ನಿಮ್ಮ ಮನೆಯಲ್ಲೇ ಬೈಂಡ್ ಆಗೋದಲ್ವಾ ಅಂತ ಕೇಳಿದರು. ಹೌದು ಅಂದೆ. ಹುಳ ಹಿಡಿಯದೇ ಇರಲಿ ಅಂತ ಅಂಟಿಗೆ ಲವಂಗದ ಎಣ್ಣೆ ಹಾಕ್ತಾರೆ, ಒಳ್ಳೇದೇ. ಆದರೆ ಡಾಕ್ಟರ ಲಕೋಟೆ ಘಮ್ಮಂತ ಬಂದದ್ದು ಇದೇ ಮೊದಲು ಅಂತ ನಿಮ್ಮ ಮನೆಯವರಿಗೆ ಹೇಳಿ ಅಂದರು."

ಅಂಟಮ್ಮ ಒಳಗೆ ಹೋಗಿ ಅಂಟಿನ ಡಬ್ಬಿ ಎತ್ತಿ ಮೂಗಿಗೆ ಹಿಡಿದಳು. ಉಸಿರು ಪೂರ್ತಿ ಎಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು. ಇಪ್ಪತ್ತೆರಡು ವರ್ಷದಿಂದ ಬೆಳಗಿನಿಂದ ಸಂಜೆವರೆಗೆ ಅದರ ಮುಂದೆಯೇ ಕೂತ ಮೂಗು. ಅವಳಿಗೆ ಯಾವ ವಾಸನೆಯೂ ಬರಲಿಲ್ಲ.

"ರೀ," ಅಂದಳು ಗಂಭೀರವಾಗಿ, "ನಿಮ್ಮ ಮೇಡಂ ಮೂಗು ಕೆಟ್ಟಿದೆ."